ಬುತ್ತಿ ಆಮ್ಯಾಲ ಕಟ್ಟಮು, ಮೊದಲ ನೀರಿನ ಲೆಕ್ಕ ಹಾಕಮು

ಅಕ್ಕಂದಿರೇ, ತಂಗಿಯರೇ, ವೈನಿಗಳೇ, ನಮ್ಮ ಹೆಣ್ಮಕ್ಕಳ ಗ್ರೂಪಿನ್ಯಾಗ ಯಾರರೇ "ಈ ಸರ್ತಿ ಚಿಂಚೋಳಿ ಗುಡ್ಡಕ್ಕ ಹೋಗಮು" ಅಂತ ಒಂದು ಸಾಲು ಹಾಕಿದ್ರ ಸಾಕು, ಹತ್ತು ಮಿನಿಟಿನ್ಯಾಗ ಮೂವತ್ತು ಮೆಸೇಜ್ ಬರ್ತಾವ. ಒಬ್ಬಾಕಿ ಕಡಕ್ ರೊಟ್ಟಿ ತರ್ತೀನಂತಾಳ, ಇನ್ನೊಬ್ಬಾಕಿ ಶೇಂಗಾ ಹಿಂಡಿ, ಮತ್ತೊಬ್ಬಾಕಿ ಹೋಳಿಗಿ. ಯಾರ ಮನಿ ಡಬ್ಬಿ ದೊಡ್ಡದು, ಯಾರ ಮನ್ಯಾಗ ಚಾಪಿ ಅವ, ಎಲ್ಲಾ ಪಕ್ಕಾ ಆಗ್ತದ. ಎಷ್ಟು ಹೊತ್ತಿಗಿ ಹೊಂಡಬೇಕು, ಎಷ್ಟು ನೀರು ಒಯ್ಯಬೇಕು, ಎಲ್ಲಿಂದ ಹೊಳ್ಳಿ ಬರಬೇಕು, ಯಾರಿಗರೇ ತ್ರಾಸ ಆದ್ರ ಏನು ಮಾಡಬೇಕು ಅಂತ ಮಾತ್ರ ಒಬ್ಬಾಕಿನೂ ಕೇಳಂಗಿಲ್ಲ. ಇದು ಉಲ್ಟಾ ಅದ ಅಂತ ನನ್ನ ಅಭಿಪ್ರಾಯ. ನಮ್ಮ ಕಡಿ ಗುಡ್ಡಕ್ಕ ಹೋಗೋರು ಮೊದಲ ನೀರಿನ ಲೆಕ್ಕ ಹಾಕಬೇಕು, ಎರಡನೇದು ಹೊತ್ತಿನ ಲೆಕ್ಕ, ಮೂರನೇದು ಬುತ್ತಿ. ಯಾಕಂತ ಹೇಳ್ತೀನಿ, ಸ್ವಲ್ಪ ಪುರಸೊತ್ತು ಮಾಡಕೊಂಡು ಓದ್ರಿ.

ಮೊದಲನೇ ಮಾತು, ನಮ್ಮ ಗುಡ್ಡ ಮಲೆನಾಡಿನ ಗುಡ್ಡ ಅಲ್ಲ. ಟಿವಿನ್ಯಾಗ ಚಿಕ್ಕಮಗಳೂರು, ಮಡಿಕೇರಿ ತೋರಸ್ತಾರಲ್ಲ, ಹಸರು ಹುಲ್ಲು, ಮಂಜು, ತಂಪು ಗಾಳಿ, ಅದನ್ನ ನೋಡಿ ನಮ್ಮ ಗುಡ್ಡದ ಲೆಕ್ಕ ಹಾಕಬಾರದು. ಚಿಂಚೋಳಿ ಕಾಡಿಗಿ 2011 ರಾಗ ವನ್ಯಜೀವಿಧಾಮ ಅಂತ ಹೆಸರು ಬಂತು. ಸುಮಾರು 134 ಚದರ ಕಿಲೋಮೀಟರ್ ಕಾಡು. ದಕ್ಷಿಣ ಭಾರತದ ಮೊದಲನೇ ಒಣಭೂಮಿ ವನ್ಯಜೀವಿಧಾಮ ಅಂತ ಅದನ್ನ ಕರೀತಾರ. ಒಣಭೂಮಿ ಅನ್ನೋ ಶಬ್ದನ ಚಂದಾಗಿ ಲಕ್ಷ್ಯ ಇಟ್ಟು ಓದ್ರಿ. ಮಳಿಗಾಲದಾಗ ಎತ್ತಿಪೋತ ಧುಮುಕೋದು ನೋಡಿ, ಚಂದ್ರಂಪಳ್ಳಿ ಕೆರಿ ತುಂಬಿದ್ದು ನೋಡಿ, "ಅಯ್ಯ ಇಲ್ಲಿ ನೀರಿಗೇನು ಕಮ್ಮಿ" ಅನಸ್ತದ. ಖರೇ ಅಂದ್ರ ಅದು ನೋಡೋ ನೀರು, ಕುಡಿಯೋ ನೀರಲ್ಲ. ಗುಡ್ಡದ ದಾರ್ಯಾಗ ನಳಾ ಇರಂಗಿಲ್ಲ, ಅಂಗಡಿ ಇರಂಗಿಲ್ಲ. ಬ್ಯಾಸಗಿ ಬಂದ್ರ ಎಲಿ ಉದುರಿ ಗಿಡದ ಕೆಳಗ ನೆರಳು ಸುದ್ದಾ ಇರಂಗಿಲ್ಲ.

ನಮ್ಮ ಬಿಸಲಿನ ಬಗ್ಗಿ ನಿಮಗ ನಾ ಹೇಳಬೇಕಾ? ಏಪ್ರಿಲ್, ಮೇ ತಿಂಗಳಾಗ ಸರಕಾರನೇ ಕಲಬುರಗಿ ವಿಭಾಗದ ಕಚೇರಿಗಳಿಗಿ ಮುಂಜಾನೆ 8 ರಿಂದ ಮಧ್ಯಾಹ್ನ 1.30 ರ ತನಕ ಅಂತ ವ್ಯಾಳ್ಯಾ ಬದಲಿ ಮಾಡ್ತದ. ಫ್ಯಾನಿನ ಕೆಳಗ ಕುಂತು ಕೆಲಸ ಮಾಡೋ ಸಾಹೇಬರಿಗೇ ಮಧ್ಯಾಹ್ನದ ಬಿಸಲು ಬ್ಯಾಡ ಅಂತ ಸರಕಾರ ಒಪ್ಪಕೊಂಡದ. ಹಂಗಿದ್ದಾಗ ಮೊಣಕಾಲು ನೋವಿನ ನಾವು, ಐವತ್ತು ದಾಟಿದ ನಾವು, ಹನ್ನೊಂದು ಗಂಟೆಕ್ಕ ಗುಡ್ಡದ ಬುಡಕ್ಕ ಇಳದು, ಹನ್ನೆರಡಕ್ಕ ಏರಲಿಕ್ಕ ಸುರು ಮಾಡ್ತೀವಂದ್ರ ಏನು ಹೇಳಬೇಕು? ಶಹಾಬಾದ ಕಲ್ಲಿನ ಮಾಳಗಿ ಇದ್ದ ಮನ್ಯಾಗ ಬಾಳ್ವಿ ಮಾಡಿದೋರು ನಾವು. ಹಗಲೆಲ್ಲಾ ಬಿಸಲು ಕುಡದ ಕಲ್ಲು ರಾತ್ರಿ ಹತ್ತರ ತನಕ ಧಗಿ ಉಗಳ್ತದ. ಗುಡ್ಡದ ಕಲ್ಲೂ ಹಂಗೇ ಮಾಡ್ತದ. ಬಿಸಲು ಮ್ಯಾಲಿಂದ ಒಂದೇ ಬರಂಗಿಲ್ಲ, ಕೆಳಗಿಂದನೂ ಬರ್ತದ.

ಖರೇ ಮರುಭೂಮಿ ಇದ್ದ ದೇಶದಾಗ ಏನು ಮಾಡ್ತಾರ ನೋಡ್ರಿ. ಅಮೆರಿಕಾದ ಅರಿಜೋನಾ ರಾಜ್ಯದಾಗ ಫೀನಿಕ್ಸ್ ಅಂತ ಊರದ. ಊರಾಗೇ ಕ್ಯಾಮೆಲ್‌ಬ್ಯಾಕ್ ಅಂತ ಗುಡ್ಡ, ಕುಂತ ಒಂಟಿಯ ಬೆನ್ನಿನಂಗ ಕಾಣ್ತದಂತ ಆ ಹೆಸರು. ಅಲ್ಲಿ ದಿನಾಲು ಮಂದಿ ಹತ್ತತಾರ. 2021 ರಿಂದ ವಿಪರೀತ ಬಿಸಲಿನ ಎಚ್ಚರಿಕೆ ಇದ್ದ ದಿನ ಹಗಲೊತ್ತಿನ್ಯಾಗ ಆ ದಾರಿ ಮುಚ್ಚಿಬಿಡ್ತಾರ. ಅದೇ ರಾಜ್ಯದ ಗ್ರಾಂಡ್ ಕ್ಯಾನಿಯನ್ ಕಣಿವ್ಯಾಗ, ಬ್ಯಾಸಗಿ ದಿನ ಮುಂಜಾನೆ 10 ರಿಂದ ಸಂಜಿ 4 ರ ತನಕ ಒಳಗ ನಡೀಬ್ಯಾಡ್ರಿ ಅಂತ ಅಲ್ಲಿಯ ಇಲಾಖೆಯವರೇ ಹೇಳ್ತಾರ. ಗಟ್ಟಿ ಮೈಯ ಹುಡುಗರಿಗೇ ಹಿಂಗ ಹೇಳ್ತಾರ. ನಮಗ ಹಂಗ ದಾರಿ ಮುಚ್ಚೋರು ಯಾರೂ ಇಲ್ಲ, ನಮ್ಮ ದಾರಿ ನಾವೇ ಮುಚ್ಚಕೋಬೇಕು.

ಈಗ ದಿನದ ಮಾತು. ಯಾವಾಗ ಹೋಗಬೇಕು? ಶಿವರಾತ್ರಿಗಿ ಥಂಡಿ ಶಿವ ಶಿವಾ ಅಂತ ಹೋಗ್ತದ ಅಂತ ನಮ್ಮ ಹಿರ್ಯಾರು ಸುಮ್ನ ಅಂದಿಲ್ಲ. ಅದು ಹೋದ ಮ್ಯಾಲ ನಮ್ಮ ಕಡಿ ಗುಡ್ಡದ ಮಾತು ಬಂದ್. ಮಳಿಗಾಲದಾಗ ನೋಡಲಿಕ್ಕ ಚಂದ, ಆದ್ರ ಬಂಡಿಗಲ್ಲು ಜಾರ್ತಾವ, ನೀರು ಯಾವಾಗ ಏರ್ತದಂತ ಗೊತ್ತಾಗಂಗಿಲ್ಲ. ಎತ್ತಿಪೋತದಂಥ ಜಾಗಾದಾಗ ಫೋಟೋ ಹಿಡೀಲಿಕ್ಕ ಕಲ್ಲಿನ ಅಂಚಿಗಿ ಹೋಗೋದು ಅಂದ್ರ ಜೀವದ ಕೂಡ ಆಟ. ಅದಕ್ಕ ಉಳಿಯೋದು ಎರಡೇ ಕಾಲ. ಒಂದು, ದೀಪಾವಳಿ ಮುಗದು ಎಳ್ಳಮಾವಾಸಿ ಬರೋದರೊಳಗ. ಎರಡು, ತೊಗರಿ ರಾಶಿ ಮುಗದ ಮ್ಯಾಲ, ಬಿಳಿಜೋಳ ಕೊಯ್ಲಿಗಿ ಬರೋ ಮೊದಲ. ಹೊಲ ಇದ್ದೋರಿಗಿ ಇದು ಸರಳ ತಿಳೀತದ. ಹೊಲದ ಕೆಲಸ ಬಿಟ್ಟು ಗುಡ್ಡಕ್ಕ ಬಾ ಅಂತ ಯಾರಿಗೂ ಅನ್ನಬಾರದು, ಆಕಿ ಮನಸು ಹೊಲದಾಗ, ಕಾಲು ಗುಡ್ಡದಾಗ ಇದ್ರ ಎಡವ್ತಾಳ.

ದಿನ ಆಯ್ತು, ಈಗ ಹೊತ್ತು. ಇಲ್ಲೇ ನಮ್ಮ ಗಂಟು ಅದ. ಸನ್ನತಿ, ನಾಲವಾರ ಕಡಿಂದ ಹೊಂಟೋರು ಚಿಂಚೋಳಿ ಗುಡ್ಡ ಮುಟ್ಟಬೇಕಂದ್ರ ಗಾಡ್ಯಾಗ ಮೂರು ತಾಸು ಹಿಡೀರಿ, ಮನಿಮನಿ ಮುಂದ ನಿಂತು ಕೂಗಿ ಹತ್ತಿಸಿಕೊಳ್ಳೋದೂ ಸೇರಿ. ಮುಂಜಾನೆ ನಾಲ್ಕಕ್ಕ ಹೊಂಟ್ರ ಏಳಕ್ಕ ಅಲ್ಲಿ. ಚಹಾ ಕುಡದು, ಸುಸಲಾ ತಿಂದು, ಏಳೂವರಿಗಿ ನಡೀಲಿಕ್ಕ ಸುರು. ಹತ್ತಕ್ಕ ಎಲ್ಲಿದ್ದೀವೋ ಅಲ್ಲಿಂದ ಹೊಳ್ಳೋದು. ಹನ್ನೆರಡೂವರಿಗಿ ಗಾಡಿ ಹಂತೇಲಿ, ನೆರಳಾಗ ಬುತ್ತಿ ಬಿಚ್ಚೋದು. ಮೂರಕ್ಕ ಗಾಡಿ ಹತ್ತಿದ್ರ ದೀಪ ಹಚ್ಚೋ ಹೊತ್ತಿಗಿ ಮನಿ. ಥಂಡಿ ದಿನದಾಗ ಆರಕ್ಕೆಲ್ಲಾ ಹೊತ್ತು ಮುಳುಗ್ತದ, ನೆನಪಿರಲಿ. ಸೇಡಂ, ಚಿತ್ತಾಪುರದೋರು ಇದನ್ನೇ ತಮ್ಮ ದಾರಿಗಿ ತಕ್ಕಂಗ ಸರಸಿಕೊಳ್ರಿ, ಆದ್ರ ಹತ್ತಕ್ಕ ಹೊಳ್ಳೋದು ಮಾತ್ರ ಸರಸಬ್ಯಾಡ್ರಿ.

ಈ ಲೆಕ್ಕ ಕಾಗದದ ಮ್ಯಾಲ ಭಾಳ ಸರಳ. ಆಗಂಗಿಲ್ಲ ಯಾಕ? ಯಾಕಂದ್ರ ನಾವು ನಾಲ್ಕಕ್ಕ ಹೊಂಡಂಗಿಲ್ಲ. ಮನ್ಯಾಗ ಉಳಿಯೋರಿಗಿ ಮುಂಜಾನಿಯ ನಾಷ್ಟಾ, ಮಧ್ಯಾಹ್ನದ ಅಡಗಿ, ಮಾವನೋರ ಪಥ್ಯದ ಗಂಜಿ, ಹುಡುಗರ ಡಬ್ಬಿ, ಇಷ್ಟೂ ಮಾಡಿ, ಭಾಂಡೆ ತಿಕ್ಕಿ, ಕಟ್ಟಿ ಒರಿಸಿ, ಆಮ್ಯಾಲ ಸೀರಿ ಉಟಗೊಂಡು ಹೊಂಡ್ತೀವಿ. ಅಷ್ಟೊತ್ತಿಗಿ ಎಂಟು. ಗುಡ್ಡ ಮುಟ್ಟೋದರಾಗ ಹನ್ನೊಂದು. ಗುಡ್ಡದ ಮ್ಯಾಲ ನಮ್ಮ ತಲಿ ಸುಡೋ ಬಿಸಲು ಗುಡ್ಡದಾಗ ಹುಟ್ಟಿದ್ದಲ್ಲ, ನಮ್ಮ ಅಡಗಿ ಮನ್ಯಾಗೇ ಹುಟ್ಟಿದ್ದು. ಮನಿ ಗಂಡಸರು ಗೆಳ್ಯಾರ ಕೂಡ ಹೋಗೋ ದಿನ ಅಡಗಿ ಮಾಡಿಟ್ಟು ಹೋಗ್ತಾರೇನು? ಬೂಟು ಹಾಕ್ಕೊಂಡು ಐದಕ್ಕ ಹೊಂಟುಬಿಡ್ತಾರ, ಅವರಿಗಿ ತಂಪು ಹೊತ್ತು ಸಿಗ್ತದ. ನಮಗ ಸಿಗೋದು ಅವರು ಬಿಟ್ಟ ಬಿಸಲು.

ಅದಕ್ಕ ನನ್ನ ಮಾತು ಏನಂದ್ರ, ಆ ಒಂದು ದಿನ ಮನಿ ಅಡಗಿ ಮನ್ಯಾಗ ಉಳದೋರದು. ಅನ್ನ ಇಡೋದು, ಬ್ಯಾಳಿ ಕುದಸೋದು ಯಾವ ಗಂಡಸಿಗೂ ಬರಲಾರದ ವಿದ್ಯಾ ಅಲ್ಲ. ತೊಗರಿ ಕಣಜ ಅನ್ನೋ ಜಿಲ್ಲಾದಾಗ ಹುಟ್ಟಿ ಒಂದು ಬ್ಯಾಳಿ ಕುದಸಲಿಕ್ಕ ಬರಂಗಿಲ್ಲಂದ್ರ ಅದು ಅವರಿಗೇ ಚಂದ ಕಾಣಂಗಿಲ್ಲ. ಇದು ಜಗಳಕ್ಕ ಹೇಳೋ ಮಾತಲ್ಲ. ಹಿಂದಿನ ದಿನ ರಾತ್ರಿ ಕುಂದ್ರಿಸಿ ಸಮಾಧಾನದಿಂದ ಹೇಳ್ರಿ: "ನಾ ನಾಲ್ಕಕ್ಕ ಹೊಂಡಲಿಲ್ಲಂದ್ರ ನಡು ಮಧ್ಯಾಹ್ನ ಬಿಸಲಾಗ ಇರ್ತೀನಿ, ನಂದು ಬಿಪಿ ಅದ." ಕಾರಣ ಹೇಳಿದ್ರ ತಿಳಕೊಳ್ಳೋ ಮಂದಿ ಭಾಳ ಅದಾರ. ಹೇಳದೇ ಒಳಗೇ ಸಿಟ್ಟು ಮಾಡಕೊಂಡ್ರ ಯಾರಿಗೂ ತಿಳಿಯಂಗಿಲ್ಲ.

ಈಗ ನೀರಿಗಿ ಬರಮು. ಬಿಸಲಾಗ ನಡಿಯೋರಿಗಿ ತಾಸಿಗಿ ಅರ್ಧ ಲೀಟರ್ ನೀರು ಬೇಕು, ಧಗಿ ಜಾಸ್ತಿ ಇದ್ರ ಅದಕ್ಕಿಂತ ಹೆಚ್ಚು. ಐದು ತಾಸು ನಡದ್ರ ಎರಡೂವರಿ ಲೀಟರ್. ದಾರಿ ತಪ್ಪಿದ್ರ, ಯಾರದರೇ ಬಾಟಲಿ ಚೆಲ್ಲಿದ್ರ ಅಂತ ಮ್ಯಾಲ ಅರ್ಧ ಲೀಟರ್. ಒಬ್ಬಾಕಿಗಿ ಮೂರು ಲೀಟರ್ ಆಯ್ತು. ಎಂಟು ಮಂದಿ ಇದ್ರ ಇಪ್ಪತ್ನಾಕು ಲೀಟರ್. ಒಂದು ಲೀಟರ್ ನೀರು ಒಂದು ಕಿಲೋ ತೂಗ್ತದ, ಅಂದ್ರ ಇಪ್ಪತ್ನಾಕು ಕಿಲೋ. ಸಣ್ಣವರಿದ್ದಾಗ ಭೀಮಾ ಹೊಳಿಯಿಂದ ಕೊಡ ಹೊತ್ತು ತಂದೋರಿಗಿ ನೀರಿನ ತೂಕ ಎಷ್ಟಂತ ಹೊಸದಾಗಿ ಹೇಳಬೇಕಿಲ್ಲ. ಅದಕ್ಕ ಒಬ್ಬ ಹುಡುಗನ ಹೆಗಲಿಗಿ ಪೂರಾ ನೀರು ಹೊರಿಸಿ "ಅವ ತರ್ತಾನ ಬಿಡು" ಅಂತ ಕೈ ಬೀಸಿಕೊಂಡು ನಡಿಯೋದು ಬರೋಬರ್ ಅಲ್ಲ. ಆ ಹುಡುಗ ಮುಂದ ಓಡಿ ಹೋದ ಅಂದ್ರ ಹಿಂದಿನವರು ಬಾಯಿ ಒಣಗಿಸಿಕೊಂಡು ಕುಂದ್ರಬೇಕು. ಯಾರ ನೀರು ಅವರ ಬೆನ್ನಿಗಿ. ಹುಡುಗರು ಸಾಲಿಗಿ ಒಯ್ಯೋ ಬೆನ್ನಿನ ಚೀಲ ಇದ್ರ ಸಾಕು. ಕೈಯಾಗ ಹಿಡಿಯೋ ವೈರ್ ಬುಟ್ಟಿ ಬ್ಯಾಡ, ಏರೋ ದಾರ್ಯಾಗ ಎರಡೂ ಕೈ ಖಾಲಿ ಇರಬೇಕು.

ನೀರು ಒಯ್ದರ ಮುಗೀಲಿಲ್ಲ, ಕುಡೀಬೇಕು. ಇದು ಯಾರೂ ಬಾಯಿ ಬಿಟ್ಟು ಹೇಳಲಾರದ ಮಾತು, ಅದಕ್ಕೇ ನಾ ಇಲ್ಲಿ ಬರೀಲಿಕ್ಕತ್ತೀನಿ. ನಾವು ಹೆಣ್ಮಕ್ಕಳು ಊರು ಬಿಟ್ಟು ಹೊಂಟ ದಿನ ನೀರು ಕುಡಿಯಂಗಿಲ್ಲ. ಯಾಕಂದ್ರ ಒಂದಕ್ಕ ಹೋಗಲಿಕ್ಕ ಜಾಗಾ ಇರಂಗಿಲ್ಲ. ಬಸ್ಸಿನ್ಯಾಗ ಹೋಗಲಿ, ಲಗ್ನಕ್ಕ ಹೋಗಲಿ, ಜಾತ್ರಿಗಿ ಹೋಗಲಿ, ಮುಂಜಾನೆ ಒಂದು ಕಪ್ ಚಹಾ ಕುಡದು ಸಂಜಿತನಕ ತಡಕೋತೀವಿ. ನಮ್ಮ ಅವ್ವಂದಿರು ನಸಿಕಿನ್ಯಾಗ ಒಮ್ಮೆ, ಕತ್ತಲಾದ ಮ್ಯಾಲ ಒಮ್ಮೆ ಬೈಲಕಡಿ ಹೋಗಿ ದಿನಾ ಕಳದೋರು. ತಡಕೊಳ್ಳೋದನ್ನ ಅವರು ನಮಗ ಮರ್ಯಾದಿ ಅಂತ ಕಲಸಿದ್ರು. ಮನ್ಯಾಗ ಪಾಯಖಾನಿ ಬಂತು, ಆ ರೂಢಿ ಮಾತ್ರ ಮೈಯಾಗೇ ಉಳೀತು.

ನಮ್ಮ ನೆಗೆಣ್ಣಿ ಒಬ್ಬಾಕಿ ಕೆಲವು ವರ್ಷದ ಹಿಂದ ಒಂದು ಗುಡ್ಡದ ಜಾತ್ರ್ಯಾಗ ಮೆಟ್ಟಲದ ಮ್ಯಾಲೇ ಕುಸದು ಕುಂತಳು. ಮಾರಿ ಕೆಂಪಗ, ಮಾತು ತೊದಲ್ತಿತ್ತು, ನನ್ನ ಗುರ್ತೂ ಹತ್ತಲಿಲ್ಲ. ಮಂದಿ ಒಬ್ಬರು ದೃಷ್ಟಿ ಅಂದ್ರು, ಒಬ್ಬರು ದೇವ್ರು ಬಂತು ಅಂದ್ರು. ದವಾಖಾನ್ಯಾಗ ಡಾಕ್ಟರ್ ಮೊದಲ ಕೇಳಿದ ಮಾತು, "ಮುಂಜಾನಿಂದ ಎಷ್ಟು ನೀರು ಕುಡದಾರ?" ಚೀಲದಾಗ ಎರಡು ಬಾಟಲಿ ತುಂಬಿದ್ದವು ತುಂಬಿದಂಗೇ ಇದ್ದವು. ಕುಡೀಲಿಕ್ಕ ಇಲ್ಲ ಅಂತಲ್ಲ, ಕುಡದ್ರ ಎಲ್ಲಿ ಹೋಗೋದು ಅಂತ ಕುಡದಿದ್ದಿಲ್ಲ. ಪುಣ್ಯಾಕ್ಕ ಎರಡು ದಿನದಾಗ ಎದ್ದು ಕುಂತಳು. ಎಲ್ಲರೂ ಹಂಗ ಎದ್ದು ಕುಂದ್ರಂಗಿಲ್ಲ.

ಹಂಗಾದ್ರ ಏನು ಮಾಡಬೇಕು? ಇದನ್ನೂ ಪ್ಲ್ಯಾನಿನ್ಯಾಗೇ ಬರೀಬೇಕು, ನಾಚಗೊಳ್ಳೋ ಮಾತಿಲ್ಲ. ತಾಸಿಗೊಮ್ಮೆ ಹತ್ತು ಮಿನಿಟು ನಿಲ್ಲೋದು ಅಂತ ಮೊದಲೇ ಎಲ್ಲರಿಗೂ ಹೇಳ್ರಿ. ಆ ಹೊತ್ತಿಗಿ ಗಂಡಸರು, ಹುಡುಗರು ಮುಂದ ನಡದು ತಿರುವಿನ ಆಚಿ ನಿಲ್ಲಬೇಕು. ಹೆಣ್ಮಕ್ಕಳು ಇಬ್ಬಿಬ್ಬರು ಕೂಡಿ ಹೋಗ್ರಿ, ಒಬ್ಬಾಕಿ ಹಳಿ ಚಾದರ ಅಡ್ಡ ಹಿಡೀಲಿ. ಪೊದಿ ಒಳಗ ಬ್ಯಾಡ, ಹುಳ ಹುಪ್ಪಡಿ ಇರ್ತಾವ, ಮೊದಲ ಕೋಲಿನಿಂದ ಬಡದು ನೋಡ್ರಿ. ಹಳ್ಳ, ಕೆರಿ ದಂಡಿಗೂ ಬ್ಯಾಡ, ಅದು ಪ್ರಾಣಿಗಳು ಕುಡಿಯೋ ನೀರು. ಒಂದು ಸಣ್ಣ ಬಾಟಲಿ ನೀರು ಇದಕ್ಕೇ ಬ್ಯಾರೆ ಇಟಗೊಳ್ರಿ. ಮತ್ತ ಒಂದಕ್ಕ ಹೋದಾಗ ಬಣ್ಣ ನೋಡ್ರಿ. ತೆಳು ಹಳದಿ ಇದ್ರ ನೀರು ಸಾಕಾಗ್ಯಾದ. ಕಡು ಹಳದಿ, ಕೆಂಚಗ ಇದ್ರ ನೀರು ಕಮ್ಮಿ ಆಗ್ಯಾದ. ನಾಲ್ಕು ತಾಸು ಕಳದ್ರೂ ಬರಲೇ ಇಲ್ಲಂದ್ರ ಅದು ಛಲೋ ಅಲ್ಲ, ಕೆಟ್ಟ ಸುದ್ದಿ.

ನಮ್ಮೂರ ಸನ್ನತ್ಯಾಗ ಚಂದ್ರಲಾ ಪರಮೇಶ್ವರಿ ಗುಡಿ ಆವರಣದ ಕಾಳಿ ಗುಡಿ ಮಾಳಗಿ 1986 ರಾಗ ಕುಸದು, ಅಶೋಕ ಚಕ್ರವರ್ತಿ ಬರಸಿದ ಕಲ್ಲು ಹೊರಗ ಬಂದದ್ದು ನಿಮಗೆಲ್ಲಾ ಗೊತ್ತು. ಪಕ್ಕದ ಕನಗನಹಳ್ಳ್ಯಾಗ ಅವನ ಹೆಸರು ಬರದ ಅವನ ಮೂರ್ತಿನೂ ಸಿಕ್ಕದ. ಅದೇ ರಾಜಾ ಬ್ಯಾರೆ ಕಡಿ ಹಾಕಿಸಿದ ಶಾಸನದಾಗ, ದಾರಿ ಬದೀಗಿ ಬಾವಿ ತೋಡಿಸೀನಿ, ಗಿಡ ಹಚ್ಚಿಸೀನಿ ಅಂತ ಬರಸ್ಯಾನ. ಎರಡು ಸಾವಿರ ವರ್ಷದ ಹಿಂದ ಅಷ್ಟು ದೊಡ್ಡ ರಾಜನೇ ನಡಿಯೋ ಮಂದಿಗಿ ಮೊದಲ ಬೇಕಾದದ್ದು ನೀರು, ನೆರಳು ಅಂತ ತಿಳಕೊಂಡಿದ್ದ. ನಾವು ಹೋಳಿಗಿ ಮೊದಲ ಅಂತೀವಿ.

ಹೋಳಿಗಿ ಬ್ಯಾಡಂತ ನಾ ಅಂದಿಲ್ಲ, ಸಿಟ್ಟಾಗಬ್ಯಾಡ್ರಿ. ಎಳ್ಳಮಾವಾಸಿಗಿ ಸಜ್ಜಿ ರೊಟ್ಟಿ, ಭಜ್ಜಿ ಕಟಗೊಂಡು ಹೊಲಕ್ಕ ಹೋಗಿ ಚರಗ ಚೆಲ್ಲಿ ಉಂಡು ಬರೋರು ನಾವು, ಬುತ್ತಿ ಕಟ್ಟೋದು ನಮಗ ಯಾರೂ ಕಲಿಸಬೇಕಿಲ್ಲ. ಆದ್ರ ಹೊಲಕ್ಕ ಹೋಗೋದು ಬ್ಯಾರೆ, ಗುಡ್ಡ ಏರೋದು ಬ್ಯಾರೆ. ದೊಡ್ಡ ಬುತ್ತಿ ಗಾಡ್ಯಾಗೇ ಇರಲಿ, ಇಳದು ಬಂದ ಮ್ಯಾಲ ಬಿಚ್ಚಮು. ಬೆನ್ನ ಮ್ಯಾಲ ಒಯ್ಯೋದು ಹಗೂರ ಇರಲಿ: ಹುರದ ಶೇಂಗಾ, ಬೆಲ್ಲ, ಒಂದೆರಡು ಕಡಕ್ ರೊಟ್ಟಿ, ಬಾಳಿಹಣ್ಣು, ಮೋಸಂಬಿ. ಮೊಸರನ್ನ ಬಿಸಲಾಗ ಹುಳಿ ಆಗ್ತದ. ಚಿಪ್ಸು, ಖಾರದ ಚುಡವಾ ನೀರಡಕಿ ಹೆಚ್ಚ ಮಾಡ್ತಾವ. ಬೆವರಿನ ಕೂಡ ಉಪ್ಪೂ ಹೋಗ್ತದ, ಅದಕ್ಕ ಬರೀ ನೀರು ಕುಡದ್ರ ಸಾಲಂಗಿಲ್ಲ. ಒಂದು ಲೀಟರ್ ಕಾಸಿ ಆರಿಸಿದ ನೀರಿಗಿ ಚಹಾ ಚಮಚಾದಲೆ ಆರು ಸಕ್ರಿ, ಅರ್ಧ ಉಪ್ಪು, ಮಟ್ಟಸ ಅಳತಿ, ಕಲಸಿ ಒಂದು ಬಾಟಲಿ ಬ್ಯಾರೆ ಇಡ್ರಿ. ಅಂದಾಜಿನ ಮ್ಯಾಲ ಉಪ್ಪು ಜಾಸ್ತಿ ಹಾಕಬ್ಯಾಡ್ರಿ. ಮಜ್ಜಿಗಿ ಮುಂಜಾನೆ ಹೊತ್ತಿನ್ಯಾಗೇ ಮುಗಸ್ರಿ.

ಗುಳಿಗಿ ಮಾತು ಒಂದದ. ನಮ್ಮೊಳಗ ಅರ್ಧ ಮಂದಿಗಿ ಬಿಪಿ, ಇನ್ನರ್ಧ ಮಂದಿಗಿ ಸಕ್ರಿ. ಬಿಪಿ ಗುಳಿಗ್ಯಾಗ ಕೆಲವು ಒಂದಕ್ಕ ಜಾಸ್ತಿ ಹೋಗೋ ಹಂಗ ಮಾಡ್ತಾವ, ಬಿಸಲಾಗ ನೀರು ಲಗೂನ ಕಮ್ಮಿ ಆಗ್ತದ. ಹೃದಯದ್ದು, ಕಿಡ್ನಿದು ತ್ರಾಸ ಇದ್ದೋರಿಗಿ ನೀರೇ ಅಳದು ಕುಡೀರಿ ಅಂತ ಹೇಳಿರ್ತಾರ. ಸಕ್ರಿ ಇದ್ದೋರಿಗಿ ಸಕ್ರಿ ನೀರು ಎಷ್ಟು ಅನ್ನೋದೂ ಕೇಳಬೇಕಾದದ್ದೇ. ಹೋಗೋ ವಾರ ಮೊದಲ ನಿಮ್ಮ ಡಾಕ್ಟರಿಗಿ ಒಂದು ಮಾತು ಕೇಳ್ರಿ. ನಿಮ್ಮಷ್ಟಕ್ಕ ನೀವೇ ಆ ದಿನ ಗುಳಿಗಿ ಬಿಡಬ್ಯಾಡ್ರಿ. ಸಕ್ರಿ ಗುಳಿಗಿ ತಗೊಂಡು ಉಪಾಸ ನಡಿಯೋದೂ ಬ್ಯಾಡ, ಸೋಮವಾರ ಶುಕ್ರವಾರದ ಒಪ್ಪತ್ತು ಇದ್ದೋರು ಬ್ಯಾರೆ ದಿನ ನೋಡ್ರಿ.

ಕಾಲಿಗಿ ಬೂಟು ಹಾಕ್ರಿ. ಸೀರಿ ಮ್ಯಾಲ ಬೂಟು ನೋಡಿ ಮಂದಿ ನಗ್ತಾರ ಅಂತೀರಿ. ಗುಡ್ಡದಾಗ ಯಾವ ಮಂದಿ ಕುಂತಾರ ನಗಲಿಕ್ಕ? ಹವಾಯಿ ಚಪ್ಪಲ್ ಹಾಕ್ಕೊಂಡು ಇಳಿಯೋ ಮುಂದ ಕಾಲು ಹೊಳ್ಳಿ ಬಿದ್ರ, ಮೂರು ತಿಂಗಳು ಮಂಚದ ಮ್ಯಾಲ ಕುಂತಾಗ ಯಾರೂ ನಗಂಗಿಲ್ಲ, ಬೈತಾರ. ಮಗನ ಹಳಿ ಬೂಟು ಅಳತಿಗಿ ಬಂದ್ರ ಅದೇ ಆಯ್ತು. ಹೊಸಾದು ತಂದ್ರ ವಾರ ಮೊದಲೇ ಮನ್ಯಾಗ ಹಾಕ್ಕೊಂಡು ಅಡ್ಡಾಡ್ರಿ, ಇಲ್ಲಂದ್ರ ಬೊಬ್ಬಿ ಏಳ್ತಾವ. ತಲಿ ಮ್ಯಾಲ ತೊಯಿಸಿದ ಹತ್ತಿ ಅರಬಿ, ಅದರ ಮ್ಯಾಲ ಸೆರಗು, ಇಷ್ಟು ಇದ್ರ ಯಾವ ಟೊಪಗಿನೂ ಬ್ಯಾಡ.

ಕಾಡು ಅರಣ್ಯ ಇಲಾಖೆದು, ನಮ್ಮ ಹಿತ್ತಲ ಅಲ್ಲ. ಹೋಗೋ ಮೊದಲ ಚಿಂಚೋಳಿ ಅರಣ್ಯ ಕಚೇರ್ಯಾಗ ಕೇಳಿ, ಒಪ್ಪಿಗಿ ಇದ್ದ ದಾರ್ಯಾಗ, ದಾರಿ ಬಲ್ಲವರ ಕೂಡ ಹೋಗಬೇಕು. ತ್ವಾಳ, ಕತ್ತಿಕಿರುಬ ಇದ್ದ ಕಾಡದು, ಸಂಜಿ ಮುಂದ ಅಲ್ಲಿ ನಮಗೇನು ಕೆಲಸ? ಹುಲ್ಲು ಒಣಗಿದ ದಿನದಾಗ ಒಲಿ ಹೂಡೋದು, ಬೀಡಿ ತುಂಡು ಒಗಿಯೋದು ಬಿಲ್ಕುಲ್ ಬ್ಯಾಡ. ಒಯ್ದ ಪ್ಲಾಸ್ಟಿಕ್ ಚೀಲ, ಬಾಟಲಿ ಹೊಳ್ಳಿ ಮನಿಗೇ ಬರಬೇಕು. ಕೆಲವು ಕಡಿ ಫೋನಿಗಿ ಸಿಗ್ನಲ್ ಇರಂಗಿಲ್ಲ, ಅದಕ್ಕ ಯಾವ ದಾರ್ಯಾಗ ಹೊಂಟೀವಿ, ಎಷ್ಟೊತ್ತಿಗಿ ಇಳೀತೀವಿ ಅಂತ ಒಂದು ಚೀಟ್ಯಾಗ ಬರದು ಮನ್ಯಾಗ ಕೊಟ್ಟು ಹೋಗ್ರಿ. ಹೇಳಿದ ಹೊತ್ತಿಗಿಂತ ಎರಡು ತಾಸು ತಡ ಆದ್ರ ಹುಡುಕಲಿಕ್ಕ ಬರ್ರಿ ಅಂತನೂ ಬರೀರಿ.

ಯಾರಿಗರೇ ಬಿಸಲು ಬಡದ್ರ ಏನು ಮಾಡಬೇಕು ಅನ್ನೋದು ಎಲ್ಲರಿಗೂ ಗೊತ್ತಿರಬೇಕು, ಒಬ್ಬಾಕಿಗಿ ಗೊತ್ತಿದ್ರ ಆಗಂಗಿಲ್ಲ, ಯಾಕಂದ್ರ ಬೀಳಾಕಿ ಆಕಿನೇ ಇರಬಹುದು. ತಲಿ ನೋವು, ಹೊಟ್ಟಿ ತೊಳಸೋದು, ಕಾಲು ಸೆಳಿಯೋದು, ಭಾಳ ಬೆವರು, ಇದು ಮೊದಲ ಗುರ್ತು. ಅಲ್ಲೇ ನೆರಳಾಗ ಕುಂದ್ರಿಸಿ, ಉಪ್ಪು ಸಕ್ರಿ ನೀರು ಗುಟುಕು ಗುಟುಕು ಕುಡಿಸಿ, ಆ ದಿನದ ಏರೋದು ಅಲ್ಲಿಗೇ ಬಿಡಬೇಕು. ಮಾತು ತಪ್ಪಿದ್ರ, ಗುರ್ತು ಹತ್ತಲಿಲ್ಲಂದ್ರ, ಮೈ ಕೆಂಡದಂಗ ಸುಟ್ರ, ಅದು ಜೀವಕ್ಕ ಅಪಾಯ. ಲಗೂನ 108 ಕ್ಕ ಫೋನ್ ಮಾಡ್ರಿ. ಗಾಡಿ ಬರೋತನಕ ಸುಮ್ನ ನೋಡಕೋತ ನಿಲ್ಲಬ್ಯಾಡ್ರಿ. ಮೈ ಮ್ಯಾಲ ನೀರು ಹಾಕಿ, ತೊಯಿಸಿದ ಅರಬಿ ಹೊಚ್ಚಿ, ಸೆರಗಿನಿಂದ ಗಾಳಿ ಬೀಸ್ರಿ. ಎಚ್ಚರ ಇಲ್ಲದಾಕಿ ಬಾಯಾಗ ನೀರು ಹಾಕಬ್ಯಾಡ್ರಿ, ಉಸರಿಗಿ ಹೋಗ್ತದ. ಉಳ್ಳಾಗಡ್ಡಿ ಮೂಸಸೋದು, ದೃಷ್ಟಿ ತಗಿಯೋದು ಆಮ್ಯಾಲ ಮನ್ಯಾಗ ಮಾಡಕೊಳ್ರಿ.

ನಮ್ಮ ಅತ್ತಿ ಒಬ್ಬರು ಇದನ್ನೆಲ್ಲಾ ಕೇಳಿ, "ನಾವು ಮೇ ತಿಂಗಳ ಬಿಸಲಾಗ ಹೊಲ ಮಾಡೀವಿ, ಯಾವ ಬಾಟಲಿ ಇತ್ತು?" ಅಂತ ಕೇಳಿದ್ರು. ಅವರ ಮಾತು ತಳ್ಳಿ ಹಾಕಂಗಿಲ್ಲ. ಆದ್ರ ಹೆಂಗ ಮಾಡ್ತಿದ್ರು ಅನ್ನೋದೂ ನೆನಸಬೇಕು. ಕೋಳಿ ಕೂಗಿದ ಕೂಡ್ಲೇ ಹೊಲಕ್ಕ ಹೋಗ್ತಿದ್ರು. ಬದುವಿನ ಬೇವಿನ ಗಿಡದ ಬುಡಕ್ಕ ತೊಯಿಸಿದ ಗೋಣಿ ಚೀಲ ಸುತ್ತಿದ ಬಿಂದಗಿ ಇರ್ತಿತ್ತು. ಹೊತ್ತು ನೆತ್ತಿಗಿ ಬಂದ್ರ ನೆರಳಿಗಿ ಬಂದು ಉಂಡು ಮಲಗತಿದ್ರು, ಬಿಸಲು ಇಳದ ಮ್ಯಾಲ ಮತ್ತ ಏಳತಿದ್ರು. ಅವರೂ ನೀರಿನ ಲೆಕ್ಕ, ಹೊತ್ತಿನ ಲೆಕ್ಕ ಹಾಕೇ ಬದುಕಿದೋರು. ನಾ ಹೇಳೋದು ಹೊಸಾದೇನಿಲ್ಲ, ಅತ್ತ್ಯಾರು ಮಾಡಿದ್ದನ್ನೇ ಗುಡ್ಡಕ್ಕ ಒಯ್ಯಮು ಅಂತ.

ಇನ್ನೊಂದು ಮಾತು ಬರ್ತದ. "ಇಷ್ಟೆಲ್ಲಾ ಅಂಜಿಕಿ ಇದ್ರ ಈ ವಯಸ್ಸಿನ್ಯಾಗ ಗುಡ್ಡಕ್ಕ ಹೋಗೋದಾದ್ರೂ ಯಾಕ? ಮನ್ಯಾಗ ಸುಮ್ನ ಇರಬಾರದಾ?" ಇದಕ್ಕ ನಾ ಒಪ್ಪಂಗಿಲ್ಲ. ನಮ್ಮ ಜಿಲ್ಲಾದ ಕಾಡು ನೋಡಲಿಕ್ಕ ಎಲ್ಲೆಲ್ಲಿಂದಲೋ ಮಂದಿ ಬರ್ತಾರ. ನಾವು ಇಲ್ಲೇ ಹುಟ್ಟಿ, ಇಲ್ಲೇ ಕೊಟ್ಟು, ಇಲ್ಲೇ ಮೊಮ್ಮಕ್ಕಳನ್ನ ಕಂಡ್ರೂ ಅದನ್ನ ನೋಡಿಲ್ಲ. ಇಷ್ಟು ವರ್ಷದಾಗ ನಾವು ಏರಿದ ಗುಡ್ಡ ಯಾವವು? ಹರಕಿ ಇದ್ದವು. ಗಂಡನ ಆರಾಮಕ್ಕ, ಮಗನ ನೌಕರಿಗಿ, ಸೊಸಿ ಬಾಣಂತನಕ್ಕ. ಬರೀ ನೋಡಲಿಕ್ಕ, ಬರೀ ನಡೀಲಿಕ್ಕ, ಗಾಳಿಗಿ ನಿಂತು ಒಂದು ಘಳಿಗಿ ನಮ್ಮ ಪಾಡಿಗಿ ನಾವು ಇರಲಿಕ್ಕ ಯಾವ ಗುಡ್ಡ ಏರೀವಿ? ಅಪಾಯ ಅದ ಅಂತ ಮನ್ಯಾಗ ಕುಂದ್ರೋದಲ್ಲ ಉತ್ತರ. ಮನಿಗಿ ಹೊಳ್ಳಿ ಬರೋ ಹಂಗ ಹೋಗೋದು ಉತ್ತರ. ಒಬ್ಬಾಕಿಗಿ ಏನರೇ ಆದ್ರ, "ನೋಡ್ರಿ, ಹೆಂಗಸರು ಹೋದ್ರ ಹಿಂಗೇ" ಅಂತ ಮುಂದ ಹತ್ತು ವರ್ಷ ಯಾರಿಗೂ ಬಿಡಂಗಿಲ್ಲ. ನಮ್ಮ ಹಿಂದ ಬರೋ ಸೊಸೆಂದಿರ ದಾರಿನೂ ಬಂದ್ ಆಗ್ತದ. ಅದಕ್ಕೇ ನಾ ಇಷ್ಟು ಜೋರ ಮಾಡೋದು.

ಕಡೀಗಿ ಒಂದೇ ಕಟ್ಟಳಿ. ನಿಧಾನ ನಡಿಯಾಕಿ ಮುಂದ, ಜೋರ ನಡಿಯಾಕಿ ಹಿಂದ. ಯಾರರೇ ಒಬ್ಬಾಕಿ "ನನಗ ಸಾಕು" ಅಂದ್ರ ಎಲ್ಲರೂ ಹೊಳ್ಳೋದು. "ಇಲ್ಲೇ ಕುಂದ್ರು, ನಾವು ಮ್ಯಾಲ ಹೋಗಿ ಬರ್ತೀವಿ" ಅನ್ನೋದು ಬ್ಯಾಡ. ಮ್ಯಾಲ ದೇವ್ರ ಗುಡಿ ಇದ್ರೂ ಅಷ್ಟೇ, ಕೆಳಗ ನಿಂತು ಕೈ ಮುಗದ್ರೂ ದೇವ್ರಿಗಿ ಕಾಣಸ್ತದ. ಗುಡ್ಡ ಎಲ್ಲಿಗೂ ಓಡಿ ಹೋಗಂಗಿಲ್ಲ, ಮುಂದಿನ ವರ್ಷ ಥಂಡ್ಯಾಗ ಮತ್ತ ಹೋಗಮು.

ಇನ್ನು ಗ್ರೂಪಿನ್ಯಾಗ ಗುಡ್ಡದ ಮಾತು ಬಂದ್ರ, ಹೋಳಿಗಿ ಯಾರು ತರ್ತೀರಿ ಅಂತ ಕೇಳೋ ಮೊದಲ ಎರಡು ಮಾತಿಗಿ ಉತ್ತರ ಹಾಕ್ರಿ. ಆ ದಿನ ನಿಮ್ಮ ಮನ್ಯಾಗ ಅಡಗಿ ಯಾರು ಮಾಡ್ತಾರ? ನಿಮ್ಮ ಬೆನ್ನ ಮ್ಯಾಲ ನೀರು ಎಷ್ಟು? ಇವೆರಡಕ್ಕ ಎಲ್ಲರದೂ ಉತ್ತರ ಬಂದ ಮ್ಯಾಲ, ಶೇಂಗಾ ಹೋಳಿಗಿ ನಾನೇ ತರ್ತೀನಿ.